ಮೂರು ತಿಂಗಳ ನೆಂಟ

2025ರಲ್ಲಿ ಸಿ.ಸಿ. ಸಬಾತಿಯಾ ಬೇಸ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದಾಗ ಅವನ ಫಲಕದ ಮೇಲಿದ್ದದ್ದು ಯಾಂಕೀಸ್ ಟೋಪಿ. ಸರಿಯೇ ಬಿಡಿ, ಅಲ್ಲಿ ಹನ್ನೊಂದು ವರ್ಷ ಆಡಿದ್ದಾನೆ. ಆದರೆ ನನ್ನ ಪಾಲಿಗೆ ಅವನಿನ್ನೂ ಮಿಲ್ವಾಕಿ ಬ್ರೂವರ್ಸ್ ಟೋಪಿಯಲ್ಲೇ ಇದ್ದಾನೆ. ಆ ಟೋಪಿ ಹಾಕಿದ್ದು ಬರೀ ಮೂರು ತಿಂಗಳು!

2008. ನಾನಾಗ ಮಿಲ್ವಾಕಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಕೋಡ್ ಕುಟ್ಟುತ್ತಿದ್ದೆ. ಆಫೀಸಿನ ಗೆಳೆಯರು ಮಿಲ್ಲರ್ ಪಾರ್ಕಿಗೆ ಎಳೆದುಕೊಂಡು ಹೋಗಿ ಹೋಗಿ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದರು. 1982ರ ನಂತರ ಆ ಊರಿಗೆ ಪ್ಲೇಆಫ್ ಭಾಗ್ಯವೇ ಇರಲಿಲ್ಲ. ಜುಲೈ 7ರಂದು ಸುದ್ದಿ ಬಂತು... ಹಿಂದಿನ ವರ್ಷವಷ್ಟೇ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದ ಕ್ಲೀವ್‌ಲ್ಯಾಂಡಿನ ಸಬಾತಿಯಾ ನಮ್ಮ ತಂಡಕ್ಕೆ! ಬದಲಿಗೆ ನಾಲ್ಕು ಎಳೆಯ ಆಟಗಾರರು ಆ ಕಡೆಗೆ. ಸೀಸನ್ ಮುಗಿದರೆ ಅವನ ಒಪ್ಪಂದವೂ ಮುಗಿಯುತ್ತದೆ, ಹೋಗೇ ಹೋಗುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ನನ್ನ ಪ್ರಾಜೆಕ್ಟೂ ಡಿಸೆಂಬರಿಗೆ ಮುಗಿಯೋದಿತ್ತು. 'ನಮ್ಮ ಪೈಕಿಯವನೇ' ಅನ್ನಿಸಿತು :)

17 ಪಂದ್ಯ, 11 ಗೆಲುವು, 2 ಸೋಲು. ಏಳು ಪಂದ್ಯಗಳಲ್ಲಿ ಕೊನೆಯ ಚೆಂಡಿನವರೆಗೂ ಅವನೊಬ್ಬನೇ. ಪಿಚರ್‌ಗೆ ಸಾಮಾನ್ಯವಾಗಿ ಎರಡು ಪಂದ್ಯಗಳ ನಡುವೆ ನಾಲ್ಕು ದಿನ ವಿಶ್ರಾಂತಿ ಇರುತ್ತದೆ. ಕೊನೆಯ ಮೂರು ಪಂದ್ಯಕ್ಕೆ ಅವನು ಮೂರೇ ದಿನಕ್ಕೆ ಎದ್ದು ಬಂದ. ಮುಂದೆ ಕೋಟಿಗಟ್ಟಲೆ ಡಾಲರಿನ ಒಪ್ಪಂದ ಕಾದಿತ್ತು; ಆ ಭುಜ ಕೈಕೊಟ್ಟಿದ್ದರೆ? ಆಗಲ್ಲ ಅಂದಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಸೆಪ್ಟೆಂಬರ್ 28, ಕೊನೇ ದಿನ, ಎದುರಿಗೆ ಶಿಕಾಗೋ ಕಬ್ಸ್. ಎಂಟನೇ ಇನಿಂಗ್ಸಿನಲ್ಲಿ 1-1 ಇದ್ದಾಗ ರಯಾನ್ ಬ್ರಾನ್ ಹೋಮ್ ರನ್ ಬಾರಿಸಿದ, 3-1. ಒಂಬತ್ತನೆಯದನ್ನೂ ಸಬಾತಿಯಾನೇ ಮುಗಿಸಿದ. ಆಮೇಲೂ ಜನ ಮನೆಗೆ ಹೋಗಲಿಲ್ಲ. ನ್ಯೂಯಾರ್ಕಿನಲ್ಲಿ ಮೆಟ್ಸ್ ಸೋಲುವುದನ್ನು ದೊಡ್ಡ ಪರದೆಯಲ್ಲಿ ನೋಡುತ್ತಾ ನಿಂತೆವು. ಸೋತರು. ಪಕ್ಕದ ಸೀಟಿನ ಅಜ್ಜ, ಯಾರೋ ಏನೋ, ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟರು. 26 ವರ್ಷ ಕಾದಿದ್ದರಲ್ಲ.

ಪ್ಲೇಆಫಿನಲ್ಲಿ ಫಿಲಡೆಲ್ಫಿಯಾ ಎದುರು 3-1ರಿಂದ ಸೋತೆವು. ಸಬಾತಿಯಾನೂ ಚೆನ್ನಾಗಿ ಹೊಡೆಸಿಕೊಂಡ. ಡಿಸೆಂಬರಿನಲ್ಲಿ ಯಾಂಕೀಸ್ ಜೊತೆ ಏಳು ವರ್ಷಕ್ಕೆ 16.1 ಕೋಟಿ ಡಾಲರಿನ ಒಪ್ಪಂದವಾಯಿತು. ನಾವು ಕೊಟ್ಟ ನಾಲ್ವರಲ್ಲಿ ಒಬ್ಬನಾದ ಮೈಕೆಲ್ ಬ್ರಾಂಟ್ಲಿ ಮುಂದೆ ಕ್ಲೀವ್‌ಲ್ಯಾಂಡಿನ ತಾರೆಯೇ ಆದ. ಲೆಕ್ಕ ಹಾಕಿದರೆ ನಷ್ಟದ ವ್ಯಾಪಾರ ಅಂತಲೂ ಅನ್ನಬಹುದು. ನಾನು ಹಾಕಲ್ಲ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಬೇಸಿಗೆಯಲ್ಲಿ ನಾನು ಆಫೀಸಿನಲ್ಲಿ ದಿನ ದೂಡುತ್ತಿದ್ದೆ. ಹೇಗಿದ್ದರೂ ಹೋಗುವವನು, ನನಗ್ಯಾಕೆ ಅಂತ. ಆ ಭಾನುವಾರ ಕಳೆದು ಸೋಮವಾರ ಬಂದು, ನನ್ನ ನಂತರ ಬರುವವರಿಗೆ ಅಂತ ಬರೆಯದೇ ಬಿಟ್ಟಿದ್ದ ಟಿಪ್ಪಣಿಗಳನ್ನು ಬರೆಯೋಕೆ ಕೂತೆ. ಮುಗಿಸೋಕೆ ನವೆಂಬರ್ ಆಯಿತು.