ಒಡೆತನವಿಲ್ಲದ ಒಲವು

ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಶಿಥಿಲವಾದ ಬಸದಿಯನ್ನು ಉದ್ಧರಿಸುವುದು ಮಿಗಿಲಾದ ಪುಣ್ಯವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. 1159ರಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳನು ಬಂಕಾಪುರದ ಹಾಳಾದ ಬಸದಿಗಳನ್ನೂ ಎತ್ತಿ ನಿಲ್ಲಿಸಿದನೆಂದು ಶಾಸನ ಸ್ಮರಿಸುತ್ತದೆ. ಜೀರ್ಣೋದ್ಧಾರವೆಂಬ ಈ ಧರ್ಮದ ಒಳಾರ್ಥವನ್ನು ಕುರಿತು ನಾನು ಹೆಚ್ಚಾಗಿ ಚಿಂತಿಸಿದ್ದು ದೂರದ ಅಮೆರಿಕದ ಉದ್ಯಾನವೊಂದರಲ್ಲಿ, ಮಕ್ಕಳನ್ನು ಹೊತ್ತು ತಿರುಗುವ ಪುಟಾಣಿ ರೈಲಿನ ಬಳಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ಸಮೀಪ ಲಾಸ್ ಗ್ಯಾಟೋಸ್ ಎಂಬ ಪಟ್ಟಣವಿದೆ. ಆ ಭಾಗದಲ್ಲಿ ನೆಲೆಸಿರುವ ಮಗಳ ಮನೆಗೆ ಹೋಗಿದ್ದಾಗ ಮೊಮ್ಮಗನೊಡನೆ ಅಲ್ಲಿನ ಓಕ್ ಮೆಡೋ ಉದ್ಯಾನಕ್ಕೆ ಹೋದೆನು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಬಾಲಭವನದ ಪುಟಾಣಿ ರೈಲನ್ನು ಕಂಡವರಿಗೆ ಆ ನೋಟ ಅಪರಿಚಿತವೆನಿಸದು. ಹಳಿಗಳ ನಡುವಣ ಅಂತರ ಕೇವಲ 18 ಅಂಗುಲ. ಆದರೆ ಅಲ್ಲಿನ ಹಳೆಯ ಉಗಿ ಎಂಜಿನ್ನಿನ ಚರಿತ್ರೆ ದೀರ್ಘವಾದುದು. 1905ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಯಾರಾದ ಅದು ವೆನಿಸ್ ಎಂಬ ಕಡಲತೀರದ ವಿಹಾರಸ್ಥಳದಲ್ಲಿ ಓಡುತ್ತಿತ್ತು. ಕಾಲಕ್ರಮದಲ್ಲಿ ಗುಜರಿಗೆ ಬಿದ್ದಿತು. 1939ರಲ್ಲಿ, ಜಪಾನಿಗೆ ಸಾಗಲಿದ್ದ ಹಳೆಯ ಕಬ್ಬಿಣದ ನಡುವೆ ಅದನ್ನು ಕಂಡ ಬಿಲ್ಲಿ ಜೋನ್ಸ್ ಎಂಬ ರೈಲು ಚಾಲಕರು ಕೊಂಡು ತಂದರು. ಜಪಾನು ಆಗ ಚೀನಾದೊಡನೆ ಯುದ್ಧ ನಡೆಸುತ್ತಿತ್ತು. ಆಯುಧವಾಗಬಹುದಾಗಿದ್ದ ಕಬ್ಬಿಣ ಮಕ್ಕಳ ವಾಹನವಾಯಿತು. ಜೋನ್ಸರು ತಮ್ಮ ತೋಟದಲ್ಲಿ ಹಳಿ ಹಾಸಿ ಊರಿನ ಮಕ್ಕಳಿಗಾಗಿ ಅದನ್ನು ಓಡಿಸಿದರು. 1968ರಲ್ಲಿ ಅವರು ತೀರಿಕೊಂಡ ಮೇಲೆ ಊರಿನವರು ಒಂದುಗೂಡಿ ರೈಲನ್ನು ಉಳಿಸಿಕೊಂಡರು. ಸ್ವಯಂಸೇವಕರ ಶ್ರಮದಿಂದ 1970ರಲ್ಲಿ ಅದು ಉದ್ಯಾನದಲ್ಲಿ ಸಂಚರಿಸತೊಡಗಿತು.

ಇಂತಹ ಎಂಜಿನ್ನನ್ನು ಒಮ್ಮೆ ದುರಸ್ತಿಗೊಳಿಸಿದರೆ ಸಾಲದು. ನೀರಿನಲ್ಲಿರುವ ಸುಣ್ಣದಂಶ ಬಾಯ್ಲರಿನ ಒಳಗೆ ಪದರವಾಗಿ ಕಟ್ಟುತ್ತದೆ. ಆ ಪದರ ಶಾಖವನ್ನು ನೀರಿಗೆ ಮುಟ್ಟಲು ಬಿಡದಿರುವುದರಿಂದ ಲೋಹವೇ ಕಾದು ಕೆಡುತ್ತದೆ. ಆದುದರಿಂದ ಬಾಯ್ಲರನ್ನು ನಿಯತವಾಗಿ ತೊಳೆಯಬೇಕು. ಆಗಾಗ ಅದರಲ್ಲಿ ನೀರು ತುಂಬಿ, ಓಡುವಾಗ ಇರುವುದಕ್ಕಿಂತ ಹೆಚ್ಚಿನ ಒತ್ತಡವನ್ನು ಕೊಟ್ಟು, ಎಲ್ಲಿಯಾದರೂ ಸೋರುವುದೇ ಎಂದು ಪರೀಕ್ಷಿಸಬೇಕು. ಇಲ್ಲಿ ಪ್ರಮಾದ ಸಂಭವಿಸಿದರೆ ಅಪಾಯಕ್ಕೆ ಒಳಗಾಗುವವರು ಮಕ್ಕಳು. ಹಿಂಸೆಯ ಮೂಲ ಪ್ರಮಾದದಲ್ಲಿದೆಯೆಂದು ಓದಿದ್ದ ನನಗೆ, ಮೈಗೆ ಮಸಿ ಬಳಿದುಕೊಂಡು ಮಾಡುವ ಈ ಕೆಲಸವೂ ಅಹಿಂಸೆಯ ಒಂದು ಬಗೆಯಾಗಿ ತೋರಿತು.

ಹಳೆಯ ಬಂಡಿಯ ಮೇಲೆ ಇಷ್ಟು ಮಮತೆ ಮೋಹವಲ್ಲವೇ, ಇಂಧನವನ್ನು ಉರಿಸುವುದು ಆರಂಭಹಿಂಸೆಯಲ್ಲವೇ ಎಂದು ವಾಚಕರು ಕೇಳಬಹುದು. ಎರಡನೆಯ ಪ್ರಶ್ನೆಯನ್ನು ಅಲ್ಲಗಳೆಯಲಾರೆ. ಗೃಹಸ್ಥನ ಯಾವ ಕೆಲಸವೂ ಆ ದೋಷದಿಂದ ಪೂರ್ಣವಾಗಿ ಮುಕ್ತವಲ್ಲ. ಮೊದಲನೆಯದಕ್ಕೆ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ಸಮಾಧಾನವಿದೆ. ಪರಿಗ್ರಹವನ್ನು ಅವರು ವಸ್ತುವಿನಲ್ಲಿ ಕಾಣದೆ, ಅದರ ಕುರಿತಾದ ಮೂರ್ಛೆಯಲ್ಲಿ ಕಂಡರು. ಈ ಸ್ವಯಂಸೇವಕರಲ್ಲಿ ಯಾರೂ ರೈಲನ್ನು ಮನೆಗೆ ಒಯ್ಯಲಾರರು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲಾರರು. ಆದರೂ ತಮ್ಮದನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ಅದನ್ನು ನೋಡಿಕೊಳ್ಳುತ್ತಾರೆ. ಅಪರಿಗ್ರಹವೆಂದರೆ ಉಪೇಕ್ಷೆಯಲ್ಲವೆಂಬುದು ನನಗೆ ಅಲ್ಲಿ ಮನದಟ್ಟಾಯಿತು.

ನಮ್ಮ ಊರುಗಳ ಸ್ಥಿತಿಯನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ. ನಾನು ಬಲ್ಲ ಒಂದು ಹಳೆಯ ಬಸದಿಯ ಮಾಡು ಸೋರತೊಡಗಿ ಹಲವು ಮಳೆಗಾಲಗಳು ಕಳೆದವು. ಅಧಿಕಾರ ಯಾರದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೊಸ ಕಟ್ಟಡದ ಕಲ್ಲಿನಲ್ಲಿ ಹೆಸರು ಕೆತ್ತಿಸಲು ದಾನಿಗಳು ದೊರೆಯುತ್ತಾರೆ. ಮಾಡಿನ ಕಸ ಗುಡಿಸಲು ಕೈಗಳು ದೊರೆಯುವುದಿಲ್ಲ. ಕಸವನ್ನು ಆಗಾಗ ತೆಗೆದರೆ ಅಶ್ವತ್ಥದ ಬೀಜ ಕಲ್ಲಿನ ಸಂದಿನಲ್ಲಿ ನೆಲೆಗೊಳ್ಳದು. ಬಿಟ್ಟರೆ ಮುಂದೊಂದು ದಿನ ಗೋಡೆ ಸೀಳಬೇಕು, ಇಲ್ಲವೇ ಮರವನ್ನು ಕಡಿಯಬೇಕು.

ನಾಲ್ಕು ಜನ ಶ್ರಾವಕರು ತಿಂಗಳಿಗೆ ಒಂದು ಭಾನುವಾರ ಪೊರಕೆ ಹಿಡಿದು ಮಾಡು ಹತ್ತಿದರೆ ಈ ಎರಡು ಹಾನಿಗಳೂ ತಪ್ಪುತ್ತವೆ. ಅದಕ್ಕೆ ಅಧಿಕಾರದ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಮಳೆಗಾಲದೊಳಗೆ ತೊಡಗಿದರೆ ಸಾಕು.