ಉದಯಪುರದ ಅರಮನೆ ಮತ್ತು ಬಂಜಾರನ ಕೆರೆ

ಈ ಸಲ ದಸರಾ ರಜೆಯಲ್ಲಿ ನಾನು ರಾಜಸ್ಥಾನದ ಉದಯಪುರಕ್ಕೆ ಹೋಗಿದ್ದೆ. ನಮ್ಮ ಕಾಕಾ ಸೈನ್ಯದಲ್ಲಿದ್ದಾರೆ, ಅವರಿಗೆ ಈಗ ಅಲ್ಲೇ ಡ್ಯೂಟಿ. ಅಪ್ಪ, ಅಜ್ಜಿ ಮತ್ತು ನಾನು ರೈಲಿನಲ್ಲಿ ಹೋದೆವು. ಅಲ್ಲಿ ಕಂಡ ಅರಮನೆಯ ವಿಷಯ ಬರೆಯುತ್ತಿದ್ದೇನೆ.

ಉದಯಪುರ ಮೊದಲು ಮೇವಾಡ ರಾಜ್ಯದ ರಾಜಧಾನಿಯಾಗಿತ್ತು. ಮಹಾರಾಣಾ ಎರಡನೇ ಉದಯಸಿಂಹ 1559ರಲ್ಲಿ ಈ ಅರಮನೆ ಕಟ್ಟಿಸಲು ಶುರು ಮಾಡಿದನು. ಸಮಾಜ ಪಾಠದಲ್ಲಿ ಬರುವ ರಾಣಾ ಪ್ರತಾಪಸಿಂಹ ಇವನ ಮಗ. ಆಮೇಲೆ ಬಂದ ರಾಜರು ಸುಮಾರು 400 ವರ್ಷ ಸೇರಿಸುತ್ತಾ ಹೋದರು. ಅರಮನೆಯ ಮುಂಭಾಗ 244 ಮೀಟರ್ ಉದ್ದವಿದೆ. ನಮ್ಮ ಶಾಲೆಯಂಥವು ಎಷ್ಟು ಹಿಡಿಸುತ್ತವೋ ನೀವೇ ಲೆಕ್ಕ ಹಾಕಿರಿ!

ಬಡೀ ಪೋಲ್ ಎಂಬ ದೊಡ್ಡ ಬಾಗಿಲಿನಿಂದ ಒಳಗೆ ಹೋದೆವು. ಅಲ್ಲಿ ಅಮೃತಶಿಲೆಯ ಎಂಟು ಕಮಾನುಗಳಿವೆ. ಅವುಗಳ ಕೆಳಗೆ ರಾಜರನ್ನು ಬಂಗಾರ, ಬೆಳ್ಳಿಯಿಂದ ತೂಗಿ ಅದನ್ನು ಜನರಿಗೆ ಹಂಚುತ್ತಿದ್ದರಂತೆ. ಅಪ್ಪ ನಕ್ಕು, "ಹಂಗಾದ್ರ ರಾಜ ದಪ್ಪ ಇದ್ದಷ್ಟೂ ಚಲೋ" ಅಂದರು. ಮೋರ್ ಚೌಕ್ ಎಂಬ ಅಂಗಳದ ಗೋಡೆಯಲ್ಲಿ ಬಣ್ಣಬಣ್ಣದ ಗಾಜಿನ ಚೂರುಗಳಿಂದ ಮಾಡಿದ ನವಿಲುಗಳಿವೆ. ಕೆಲವು ಕೋಣೆಗಳ ಗೋಡೆ ತುಂಬಾ ಕನ್ನಡಿಯೇ ಕನ್ನಡಿ. ನಮ್ಮ ಅಜ್ಜಿ ಈಗಲೂ ಕನ್ನಡಿ ಹೊಲಿದ ಲಂಬಾಣಿ ಉಡುಪನ್ನೇ ಹಾಕುತ್ತಾಳೆ. ನೋಡಲು ಬಂದವರು ಗೋಡೆ ಬಿಟ್ಟು ಅಜ್ಜಿಯನ್ನೇ ನೋಡಿದರು.

ಮೇಲಿನ ಕಿಟಕಿಯಿಂದ ಪಿಚೋಲಾ ಕೆರೆ ಕಾಣುತ್ತದೆ. ಕೆರೆಯ ನಡುವೆ ಇನ್ನೊಂದು ಬಿಳಿ ಅರಮನೆ ಇದೆ. ಅದು ಈಗ ಹೋಟೆಲ್. ಆಗ ಗೈಡ್ ಹಿಂದಿಯಲ್ಲಿ ಹೇಳಿದ್ದನ್ನು ಕಾಕಾ ನಮಗೆ ಬಿಡಿಸಿ ಹೇಳಿದರು. ಈ ಕೆರೆಗೆ ಮೊದಲು ಒಡ್ಡು ಹಾಕಿದವನು ರಾಜ ಅಲ್ಲವಂತೆ. ಅರಮನೆಗಿಂತ ಬಹಳ ಮೊದಲೇ, 14ನೇ ಶತಮಾನದಲ್ಲಿ, ದವಸ ಸಾಗಿಸುವ ಒಬ್ಬ ಬಂಜಾರ ಅದನ್ನು ಕಟ್ಟಿದನಂತೆ. ಉದಯಸಿಂಹ ಆಮೇಲೆ ಅದನ್ನು ದೊಡ್ಡದು ಮಾಡಿಸಿದನು.

ಬಂಜಾರ ಎಂದರೆ ಲಂಬಾಣಿ, ಅಂದರೆ ನಾವೇ! ನಮ್ಮ ಹಿರಿಯರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ರಾಜಸ್ಥಾನದ ಕಡೆಯಿಂದ ದಕ್ಷಿಣಕ್ಕೆ ಬಂದವರು. ಅದಕ್ಕೆ ಲದೇಣಿ ಎನ್ನುತ್ತಾರೆ. ಅಜ್ಜಿ ತಾಂಡಾದಲ್ಲಿ ಇದನ್ನು ಹೇಳುವಾಗ ನಾವು ಹುಡುಗರು ಕತೆ ಅಂತ ಕೇಳುತ್ತಿದ್ದೆವು.

ನಾನು ಕಾಕಾನ ಕಡೆಯಿಂದ ಆ ಬಂಜಾರನ ಹೆಸರು ಕೇಳಿಸಿದೆ. ಗೈಡ್‌ಗೆ ಗೊತ್ತಿರಲಿಲ್ಲ. ಅಷ್ಟೂ ರಾಜರ ಹೆಸರು ಅವರಿಗೆ ಬಾಯಿಪಾಠ ಇತ್ತು. ನನಗೆ ಸ್ವಲ್ಪ ಬೇಜಾರಾಯಿತು. ಅಜ್ಜಿ ಮಾತ್ರ, "ಹೆಸರು ಹೋದ್ರ ಹೋಗ್ಲಿ, ನೀರು ಐತಲ್ಲ" ಅಂದಳು.

ಹೊರಗೆ ಊಟದ ಅಂಗಡಿಯಲ್ಲಿ ದಾಲ್ ಬಾಟಿ ಎಂದು ಮಾರುತ್ತಿದ್ದರು. ನಮ್ಮ ಭಾಷೆಯಲ್ಲೂ ರೊಟ್ಟಿಗೆ ಬಾಟಿ ಎನ್ನುತ್ತೇವೆ. ಅಜ್ಜಿ ಅಂಗಡಿಯವಳ ಜೊತೆ ನಮ್ಮ ಮಾತಿನಲ್ಲೇ ಮಾತಾಡಿದಳು. ಅವಳಿಗೆ ಅರ್ಧಕ್ಕರ್ಧ ತಿಳಿಯಿತು, ಇನ್ನೆರಡು ಬಾಟಿ ಹಾಕಿದಳು!

ಗೆಳೆಯರೇ, ಅರಮನೆಗೆ ಚೆಂದ ಬಂದಿರುವುದು ಕೆರೆಯಿಂದ. ಇತಿಹಾಸದಲ್ಲಿ ರಾಜರ ಜೊತೆಗೆ ಕೆರೆ ಕಟ್ಟಿದವರನ್ನೂ ನೆನೆಯಬೇಕು. ನಮ್ಮೂರ ಕೆರೆ ಕಟ್ಟಿದವರು ಯಾರು? ನಿಮ್ಮ ಮನೆಯ ಹಿರಿಯರನ್ನು ಕೇಳಿ, ಮುಂದಿನ ಸಂಚಿಕೆಗೆ ಬರೆಯಿರಿ.

— 7ನೇ ತರಗತಿ ವಿದ್ಯಾರ್ಥಿನಿ