ದೊಣೆಯ ನೀರು

ಪ್ರಯಾಣಿಕನ ಹೊರೆಯಲ್ಲಿ ನೀರಿನಷ್ಟು ಹಟಮಾರಿಯಾದ ವಸ್ತು ಮತ್ತೊಂದಿಲ್ಲ. ಅಕ್ಕಿ ಬೇಳೆಗಳು ಒಲೆಯ ಮೇಲೆ ಅರಳಿ ಹಲವರ ಹಸಿವನ್ನು ಹಿಂಗಿಸುತ್ತವೆ. ಕಂಬಳಿಯನ್ನು ಸುತ್ತಿ ಕಟ್ಟಿ ಸಣ್ಣದಾಗಿಸಬಹುದು. ನೀರನ್ನು ಮಾತ್ರ ಒಣಗಿಸಿ ಗಂಟುಕಟ್ಟುವ ಉಪಾಯವನ್ನು ಈವರೆಗೆ ಯಾರೂ ಕಂಡುಹಿಡಿದಿಲ್ಲ. ಒಂದು ಲೀಟರಿಗೆ ಒಂದು ಕಿಲೋಗ್ರಾಂ ತೂಕ. ಬೆಟ್ಟವನ್ನೇರುವವನಿಗೆ ಕುಡಿಯಲು ದಿನಕ್ಕೆ 3 ಲೀಟರು, ಅಡಿಗೆಗೆ 1 ಲೀಟರು ಎಂದಿಟ್ಟುಕೊಂಡರೂ ಎರಡು ದಿನಗಳ ಸಂಚಾರಕ್ಕೆ 8 ಕಿಲೋಗ್ರಾಂ ಭಾರ ಬೆನ್ನಿನ ಮೇಲೆ ಕುಳಿತಂತಾಯಿತು. ಆದುದರಿಂದಲೇ ದಾರಿಯಲ್ಲಿ ದೊರೆಯುವ ನೀರನ್ನು ನಂಬಿ ನಡೆಯುವುದು ಎಲ್ಲ ಕಾಲದ ಪಥಿಕರಿಗೂ ಅನಿವಾರ್ಯವಾಗಿದೆ. ಆ ನಂಬಿಕೆಗೆ ಎಷ್ಟರ ಮಟ್ಟಿಗೆ ಅರ್ಹವಾದ ನೀರು ಎಂಬುದೇ ಪ್ರಶ್ನೆ.

ಮೂಡಣ ಬಾಗಿಲು ಎಂಬ ಮಾತೇ ಮುಳಬಾಗಿಲು ಎಂದಾಯಿತೆಂದು ಹೇಳುತ್ತಾರೆ. ಹೆಸರಿಗೆ ತಕ್ಕಂತೆ ಅದು ದಾರಿಯ ಊರು. ತಿರುಪತಿಗೆ ಹೋಗುವ ಯಾತ್ರಿಕರು ಈ ಹಾದಿಯಲ್ಲಿ ನಡೆದರು. ಆಂಜನೇಯನ ದರ್ಶನ ಮಾಡಿದರು. ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥದಲ್ಲಿ ತಂಗಿದರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಸೀಮೆಯಲ್ಲಿ ಅವರ ಬಾಯಾರಿಕೆಯನ್ನು ತಣಿಸಿದವು ಕೆರೆ, ಕುಂಟೆ, ಕಲ್ಯಾಣಿ, ಬಾವಿಗಳು. ಮತ್ತು ಬೇಸಗೆಯಲ್ಲಿ ಪುಣ್ಯವಂತರು ಇಡಿಸುತ್ತಿದ್ದ ಅರವಟ್ಟಿಗೆಗಳು. ತೆಂಗಿನ ಗರಿಯ ಚಪ್ಪರದ ಕೆಳಗೆ ಮಣ್ಣಿನ ಹರವಿಗಳಲ್ಲಿ ನೀರನ್ನೂ ನೀರುಮಜ್ಜಿಗೆಯನ್ನೂ ಇಟ್ಟುಕೊಂಡು ದಾರಿಹೋಕರ ಬೊಗಸೆಗೆ ಸುರಿಯುವುದು ಅಂದಿನ ದಾನಗಳಲ್ಲಿ ದೊಡ್ಡದೆನಿಸಿತ್ತು. ಅರವಟ್ಟಿಗೆಯಿಲ್ಲದ ಕಡೆ ಉಪಯೋಗಕ್ಕೆ ಬರುತ್ತಿದ್ದುದು ಯಾತ್ರಿಕನ ಬಳಿಯಿದ್ದ ತಿರುಗಣೆಯ ಚೊಂಬು, ಕುರಿಗಾಹಿಯ ಹೆಗಲಿಗಿದ್ದ ಸೋರೆಯ ಬುರುಡೆ. ಪಂಚೆಯ ಸೆರಗನ್ನು ಮಡಿಸಿ ಚೊಂಬಿನ ಬಾಯಿಗೆ ಹಿಡಿದು ಕೆರೆಯ ನೀರನ್ನು ಸೋಸಿಕೊಳ್ಳುತ್ತಿದ್ದರು. ಕೆಂಪಗೆ ಕದಡಿದ ನೀರಾದರೆ ಚಿಲ್ಲದ ಬೀಜವನ್ನು ಪಾತ್ರೆಯ ಒಳಮೈಗೆ ಉಜ್ಜಿ ಮಣ್ಣನ್ನು ತಳಕ್ಕಿಳಿಸುವ ಕ್ರಮವೂ ಉಂಟು. ಸಂಸ್ಕೃತದಲ್ಲಿ ಕತಕವೆಂದು ಕರೆಯುವ ಈ ಬೀಜದ ಗುಣವನ್ನು ಸುಶ್ರುತಸಂಹಿತೆಯೂ ಹೇಳಿದೆ.

ಸೋಸುವ ಬಟ್ಟೆಯನ್ನು ಹಳೆಯವರ ಮಡಿವಂತಿಕೆಯೆಂದು ನಕ್ಕುಬಿಡುವವರುಂಟು. ಅಂಥವರು ನಾರುಹುಣ್ಣಿನ ಚರಿತ್ರೆಯನ್ನು ಓದಬೇಕು. ನಮ್ಮ ರಾಜ್ಯವೂ ಸೇರಿದಂತೆ ಭಾರತದ ಹಲವು ರಾಜ್ಯಗಳನ್ನು ಕಾಡಿದ ರೋಗವದು. ರೋಗಿಯ ಕಾಲಿನಲ್ಲಿ ಮೊಳದುದ್ದದ ಹುಳು ಹುಣ್ಣನ್ನು ಮಾಡಿಕೊಂಡು ಹೊರಗಿಣುಕುತ್ತದೆ. ಉರಿಯನ್ನು ತಾಳಲಾರದೆ ಅವನು ಮೆಟ್ಟಿಲುಗಳಿರುವ ಬಾವಿಗೆ ಕಾಲಿಳಿಬಿಟ್ಟರೆ ಹುಳು ತನ್ನ ಮರಿಗಳನ್ನು ಆ ನೀರಿಗೆ ಚೆಲ್ಲುತ್ತದೆ. ಸೈಕ್ಲೋಪ್ಸ್ ಎಂಬ ಸೂಕ್ಷ್ಮ ಜಲಜೀವಿ ಆ ಮರಿಗಳನ್ನು ನುಂಗುತ್ತದೆ; ಅದೇ ನೀರನ್ನು ಕುಡಿದವನ ಮೈಯಲ್ಲಿ ವರ್ಷ ತುಂಬುವ ವೇಳೆಗೆ ಹೊಸ ಹುಳು ಬೆಳೆದಿರುತ್ತದೆ. ಈ ರೋಗಕ್ಕೆ ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಇಲ್ಲ. ಆದರೆ ಸೈಕ್ಲೋಪ್ಸ್ ನುಣುಪಾದ ಬಟ್ಟೆಯ ಕಣ್ಣುಗಳನ್ನು ದಾಟಲಾರದು. ನೀರನ್ನು ಸೋಸುವುದು, ಮೆಟ್ಟಿಲುಬಾವಿಗಳನ್ನು ಕಾಲಿಡಲಾಗದ ಬಾವಿಗಳನ್ನಾಗಿ ಮಾರ್ಪಡಿಸುವುದು, ಕೊಳವೆಬಾವಿಗಳನ್ನು ಒದಗಿಸುವುದು ಮುಂತಾದ ಸಾಧಾರಣ ಕ್ರಮಗಳಿಂದಲೇ ಭಾರತ ಅದನ್ನು ಗೆದ್ದಿತು. ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. ಆಫ್ರಿಕದ ಅಲೆಮಾರಿ ಜನರಿಗೆ ಇದೇ ಕೆಲಸಕ್ಕಾಗಿ ಒಂದು ಕೊಳವೆಯನ್ನು ಹಂಚಲಾಯಿತು. ತುದಿಗೆ ಸಣ್ಣ ಜಾಲರಿಯಿದ್ದ ಆ ಕೊಳವೆಯನ್ನು ಅವರು ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡು, ಕೊಳದ ಬಳಿ ಬಗ್ಗಿ ಅದರ ಮೂಲಕವೇ ನೀರನ್ನು ಹೀರುತ್ತಿದ್ದರು. ಇಂದು ಚಾರಣಿಗರ ಚೀಲಗಳಲ್ಲಿ ಕಾಣುವ ಹೀರುಗೊಳವೆಯ ಶೋಧಕಗಳಲ್ಲಿ ಒಂದು ಬಗೆ ನೇರವಾಗಿ ಈ ಕೊರಳಕೊಳವೆಯಿಂದಲೇ ಹುಟ್ಟಿದ್ದು. ಬೆಟ್ಟ ಹತ್ತುವ ಹವ್ಯಾಸಿಗಳಿಗಾಗಿ ಮೊದಲು ಯೋಚಿಸಿದ ವಸ್ತು ಅದಲ್ಲ.

ಬೆಂಗಳೂರಿನಿಂದ ಕೋಲಾರದ ಅಂತರಗಂಗೆಗೂ ಮುಳಬಾಗಿಲಿನ ಹತ್ತಿರದ ಆವನಿಯ ಬೆಟ್ಟಕ್ಕೂ ತರುಣರು ಬರುತ್ತಾರೆ. ಆವನಿಯಲ್ಲಿ ಕೆಳಗೆ ರಾಮಲಿಂಗೇಶ್ವರನ ಪ್ರಾಚೀನ ಗುಡಿಗಳು, ಮೇಲೆ ಸೀತೆಯ ಗುಡಿ. ವಾಲ್ಮೀಕಿಯ ಆಶ್ರಮವಿದ್ದದ್ದು ಇಲ್ಲಿಯೇ ಎಂದು ಊರವರ ನಂಬಿಕೆ. ಈ ಸೀಮೆಯ ಬೆಟ್ಟಗಳೆಲ್ಲ ಬೋಳು ಹೆಬ್ಬಂಡೆಗಳು. ಬಂಡೆಯ ತಗ್ಗುಗಳಲ್ಲಿ ಮಳೆಯ ನೀರು ನಿಂತು ದೊಣೆಗಳಾಗುತ್ತವೆ. ಮಳೆಗಾಲ ಮುಗಿದ ಹೊಸತರಲ್ಲಿ ದೊಣೆಯ ನೀರು ಆಕಾಶವನ್ನೇ ಹಿಡಿದಿಟ್ಟಂತೆ ಕಾಣುತ್ತದೆ. ಮಾಘ ಮಾಸದ ವೇಳೆಗೆ ಹಸುರು ಪಾಚಿ ಕಟ್ಟಿ, ಕಪ್ಪೆಮರಿಗಳು ಈಜಾಡುತ್ತಿರುತ್ತವೆ. ಮೇಕೆಗಳೂ ಕೋತಿಗಳೂ ಅಲ್ಲಿಯೇ ಕುಡಿಯುತ್ತವೆ, ಅಲ್ಲಿಯೇ ಹಿಕ್ಕೆ ಹಾಕುತ್ತವೆ. ದನ ಮೇಯಿಸುವ ಹುಡುಗ ಅದನ್ನು ಬೊಗಸೆಯಲ್ಲಿ ಕುಡಿದು ಮುಂದೆ ಸಾಗಿದನೆಂದು ಪಟ್ಟಣದವನೂ ಹಾಗೆಯೇ ಮಾಡಿದರೆ ಊರಿಗೆ ಮರಳಿದ ವಾರದೊಳಗೆ ವೈದ್ಯರ ಮನೆಯನ್ನು ಹುಡುಕಬೇಕಾಗಬಹುದು. ಹಾಗೆ ನೋಡಿದರೆ ಆ ಹುಡುಗನಿಗೂ ಹೊಟ್ಟೆನೋವು ಬರದಿರುವುದಿಲ್ಲ; ಅದನ್ನು ಯಾರೂ ಲೆಕ್ಕವಿಡುವುದಿಲ್ಲ, ಅಷ್ಟೆ.

ಇಲ್ಲಿಯೇ ಶೋಧಕದ ಉಪಯೋಗ. ನೂರು ಗ್ರಾಂ ಆಸುಪಾಸಿನ ಈ ಸಾಧನದ ಹೊಟ್ಟೆಯಲ್ಲಿ ಶಾವಿಗೆಯಂಥ ಟೊಳ್ಳು ಎಳೆಗಳ ಕಟ್ಟು ಇರುತ್ತದೆ. ಮೂತ್ರಪಿಂಡಗಳು ಸೋತವರ ರಕ್ತವನ್ನು ಶುದ್ಧಿಮಾಡುವ ಯಂತ್ರದಲ್ಲಿಯೂ ಇಂಥವೇ ಎಳೆಗಳಿರುತ್ತವೆ. ಎಳೆಯ ಗೋಡೆಯ ತುಂಬ ರಂಧ್ರಗಳು. ಒಂದೊಂದರ ಅಗಲ ಸುಮಾರು 0.1 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗ. ತಲೆಗೂದಲಿನ ಅಡ್ಡಗಲದಲ್ಲಿ ಇಂಥ ಏಳು ನೂರು ರಂಧ್ರಗಳನ್ನು ಸಾಲಾಗಿ ಜೋಡಿಸಬಹುದು. ಚೀಲದಲ್ಲಿ ತುಂಬಿದ ನೀರನ್ನು ಕೈಯಿಂದ ಹಿಂಡಿದರೆ ಅದು ಗೋಡೆಯನ್ನು ದಾಟಿ ಹೊರಬರುತ್ತದೆ. ಕಾಲರಾ ಮತ್ತು ವಿಷಮಶೀತಜ್ವರದ ರೋಗಾಣುಗಳು ಅರ್ಧ ಮೈಕ್ರಾನಿಗಿಂತ ಕೃಶವಾಗಿರುವುದು ಅಪರೂಪವಾದುದರಿಂದ ಅವು ಹೊರಗೇ ಉಳಿಯುತ್ತವೆ. ಭೇದಿಯನ್ನು ತರುವ ಜಿಯಾರ್ಡಿಯ, ಕ್ರಿಪ್ಟೋಸ್ಪೊರಿಡಿಯಂ ಮುಂತಾದ ಏಕಕೋಶಜೀವಿಗಳ ಕೋಶಗಳಂತೂ ಇನ್ನೂ ದಪ್ಪ. ಎರಡನೆಯದು ಕ್ಲೋರಿನ್ನಿಗೂ ಸುಲಭವಾಗಿ ಸಾಯದು. ಶೋಧಕಕ್ಕೆ ಮಾತ್ರ ಸಿಕ್ಕಿಬೀಳುತ್ತದೆ.

ಎಲ್ಲವೂ ಸಿಕ್ಕಿಬೀಳುವುದಿಲ್ಲ. ಈ ಸಂಗತಿಯ ಹಿಂದೆ ವಿಜ್ಞಾನದ ಒಂದು ಸೊಗಸಾದ ಕಥೆಯಿದೆ. 1884ರಲ್ಲಿ ಪಾಸ್ತರನ ಸಹಾಯಕನಾಗಿದ್ದ ಶಾಂಬರ್ಲಾನ್ ಎಂಬಾತ ಹೊಳಪಿಲ್ಲದ ಪಿಂಗಾಣಿಯಿಂದ ಶೋಧಕವೊಂದನ್ನು ಮಾಡಿದ. ಬ್ಯಾಕ್ಟೀರಿಯಗಳು ಅದನ್ನು ದಾಟುತ್ತಿರಲಿಲ್ಲ. ನಮ್ಮ ಮನೆಗಳ ಉಕ್ಕಿನ ಶೋಧಕಗಳಲ್ಲಿದ್ದ ಬಿಳಿಯ ಕ್ಯಾಂಡಲ್‌ಗಳನ್ನು ಅದರ ಬಂಧುಗಳೆನ್ನಬಹುದು. 1892ರಲ್ಲಿ ರಷ್ಯದ ಇವನೋವ್‌ಸ್ಕಿ ರೋಗ ತಗಲಿದ ಹೊಗೆಸೊಪ್ಪಿನ ರಸವನ್ನು ಇಂಥ ಶೋಧಕದಲ್ಲಿ ಸೋಸಿದಾಗ, ಕೆಳಗಿಳಿದ ತಿಳಿರಸವೂ ಆರೋಗ್ಯವಾಗಿದ್ದ ಗಿಡಕ್ಕೆ ರೋಗ ಹತ್ತಿಸಿತು. ಶೋಧಕ ಸೋತ ಜಾಗದಲ್ಲಿಯೇ ವೈರಸ್ಸುಗಳ ಲೋಕ ಮನುಷ್ಯನಿಗೆ ಗೋಚರವಾಯಿತು. ಕಾಮಾಲೆಯನ್ನು ತರುವ ಹೆಪಟೈಟಿಸ್ ಎ ವೈರಸ್ಸಿನ ಅಗಲ ಸುಮಾರು 0.03 ಮೈಕ್ರಾನ್ ಮಾತ್ರ. ಚಾರಣಿಗನ ಎಳೆಗಳನ್ನು ಅದು ಬಾಗಿಲು ತೆರೆದ ಮನೆಯನ್ನು ಹೊಕ್ಕಂತೆ ದಾಟಬಲ್ಲುದು. ಈ ವೈರಸ್ಸು ಮನುಷ್ಯರ ಮಲದಿಂದ ನೀರಿಗೆ ಸೇರುವಂಥದು. ಆದುದರಿಂದ ಜನವಸತಿಯ ಕೆಳಗಿರುವ ನೀರನ್ನು, ಜಾತ್ರೆ ನಡೆದ ಜಾಗದ ನೀರನ್ನು ಸೋಸಿದ ಮೇಲೆ ಕುದಿಸಲೂ ಬೇಕು. ಇಲ್ಲವೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಬೇಕು. ಮುಳಬಾಗಿಲಿನ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ರೋಗಾಣುಗಳ ನಾಶಕ್ಕೆ ಆ ಶಾಖ ಧಾರಾಳವಾಗಿ ಸಾಕು. ಆದರೆ ಒಣಹುಲ್ಲಿನ ಬೆಟ್ಟದ ಮೇಲೆ ಕಟ್ಟಿಗೆಯ ಬೆಂಕಿ ಹೊತ್ತಿಸುವುದು ಬೇಡ. ಬೇಸಗೆಯಲ್ಲಿ ಒಂದು ಕಿಡಿ ಏನು ಮಾಡುತ್ತದೆಂಬುದನ್ನು ಕರಿಕಾದ ಬೆಟ್ಟಗಳನ್ನು ಕಂಡವರು ಬಲ್ಲರು.

ಇಷ್ಟಾದರೂ ರೋಗಾಣುವಿನ ಸಮಸ್ಯೆಯೇ ಸುಲಭವಾದದ್ದು. ಬೆಟ್ಟದಿಂದಿಳಿದ ಪ್ರಯಾಣಿಕ ಬಯಲಿನ ಕೊಳವೆಬಾವಿಯ ಬಳಿ ನಿಂತು, ಹರಳಿನಂತೆ ತಿಳಿಯಾಗಿ ಧುಮುಕುವ ನೀರನ್ನು ನೋಡಿ, ಇದಕ್ಕೆ ಶೋಧಕವೇ ಬೇಡವೆಂದುಕೊಳ್ಳುತ್ತಾನೆ. ಅಲ್ಲಿಯೇ ಕಣ್ಣು ಮೋಸಹೋಗುವುದು. ಈ ಸೀಮೆಯ ಗ್ರಾನೈಟ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಅಡಗಿದೆ. ಬಿರುಕುಗಳಲ್ಲಿ ಬಹುಕಾಲ ತಂಗಿದ ನೀರು ಅದನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಕೆರೆಗಳು ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಗಳನ್ನೂ ಮೀರಿ ಇಳಿದಂತೆಲ್ಲ ಮೇಲೆ ಬಂದದ್ದು ಹೆಚ್ಚಾಗಿ ಇಂಥ ಹಳೆಯ ನೀರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಮುಳಬಾಗಿಲು ತಾಲ್ಲೂಕಿನ ಅನೇಕ ಕೊಳವೆಬಾವಿಗಳು ಈ ಮೇರೆಯನ್ನು ದಾಟಿವೆ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಇಂಥ ನೀರನ್ನು ಕುಡಿದ ಮಕ್ಕಳ ಹಲ್ಲುಗಳ ಮೇಲೆ ಬಿಳಿಯ ಮಚ್ಚೆಗಳೂ ಕಂದು ಪಟ್ಟೆಗಳೂ ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗವು. ಪ್ರಮಾಣ ಹೆಚ್ಚಾಗಿ, ವರ್ಷಗಳು ಉರುಳಿದರೆ ಮೂಳೆ ಕೀಲುಗಳು ಬಿಗಿದುಕೊಂಡು ಬೆನ್ನು ಬಾಗುತ್ತದೆ. ಫ್ಲೋರೋಸಿಸ್ ಎಂಬ ಈ ರೋಗವನ್ನು ಭಾರತದಲ್ಲಿ 1937ರಲ್ಲಿಯೇ ನೆಲ್ಲೂರು ಸೀಮೆಯಲ್ಲಿ ಗುರುತಿಸಲಾಗಿತ್ತು. ನಗಲು ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯ ಕಷ್ಟವನ್ನು ಮಿಲಿಗ್ರಾಂಗಳಲ್ಲಿ ಅಳೆಯಲಾಗದು.

ಚಾರಣಿಗನ ಶೋಧಕ ಇದರೆದುರು ಏನೂ ಮಾಡಲಾರದು. ಫ್ಲೋರೈಡ್ ನೀರಿನಲ್ಲಿ ತೇಲುವ ಕಣವಲ್ಲ, ಕರಗಿದ ಅಯಾನು. ಅದರ ಗಾತ್ರ ಮೈಕ್ರಾನಿನ ಸಾವಿರದ ಒಂದು ಭಾಗಕ್ಕಿಂತಲೂ ಕಿರಿದು. ಇದ್ದಿಲಿನ ಪುಡಿ ತುಂಬಿದ ಶೋಧಕ ವಾಸನೆಯನ್ನು ಹೀರೀತೇ ಹೊರತು ಇದನ್ನು ತಡೆಯದು. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಸಾಂದ್ರತೆ ಕೊಂಚ ಹೆಚ್ಚುತ್ತದೆ. ಒಂದೆರಡು ದಿನ ಬಂದು ಹೋಗುವವನಿಗೆ ಇದರಿಂದ ಹಾನಿಯಿಲ್ಲ. ದಿನಂಪ್ರತಿ ಅದನ್ನೇ ಕುಡಿದು ಬೆಳೆಯುವವರಿಗೆ ಹಾನಿ. ಪಾಚಿ ಕಟ್ಟಿದ ದೊಣೆಯ ನೀರಾದರೋ ನಿನ್ನೆ ಮೊನ್ನೆಯ ಮಳೆ. ಬಂಡೆಯ ಒಳಗನ್ನು ಕಂಡದ್ದಲ್ಲವಾದುದರಿಂದ ಅದರಲ್ಲಿ ಫ್ಲೋರೈಡ್ ಅತ್ಯಲ್ಪ. ಅಸಹ್ಯವಾಗಿ ಕಾಣುವ ಆ ನೀರನ್ನು ಅಂಗೈಯಗಲದ ಸಾಧನ ಶುದ್ಧಿಮಾಡುತ್ತದೆ. ಕಣ್ಣಿಗೆ ಹಬ್ಬವಾಗುವ ಈ ನೀರನ್ನು ಮಾಡಲಾರದು. ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆಯನ್ನು ತೊಟ್ಟಿಯಲ್ಲಿ ಹಿಡಿದಿಡಿರೆಂದು ತಿಳಿದವರು ಈ ಜಿಲ್ಲೆಯ ಜನರಿಗೆ ಹೇಳುತ್ತಿರುವುದು ಇದೇ ಕಾರಣಕ್ಕೆ.

ಕೆರೆಗಳ ವಿಷಯವೂ ಈಗ ಬೇರೆಯಾಗಿದೆ. 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಬತ್ತಿದ ಕೆರೆಗಳು ತುಂಬಿದವು, ಅಂತರ್ಜಲ ಮೇಲೆದ್ದಿತು. ಬೇಸಾಯಗಾರರ ಪಾಲಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಅದು ನೆಲಕ್ಕೆ ಇಂಗಲೆಂದು ಬಿಟ್ಟ ನೀರು, ಬೊಗಸೆಯೊಡ್ಡಲೆಂದು ಬಿಟ್ಟದ್ದಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯವರು ಕೇಳುತ್ತ ಬಂದಿರುವುದು ನ್ಯಾಯವೇ ಆಗಿದೆ. ಇಂಥ ಕೆರೆಯ ದಡದಲ್ಲಿ ಡೇರೆ ಹೂಡಿದವನು ಕೈಯ ಶೋಧಕವನ್ನು ನೆಚ್ಚಿ ಕುಡಿಯಬಾರದು. ಕರಗಿದ ರಾಸಾಯನಿಕಗಳ ಮುಂದೆಯೂ ಅದು ಕೈಚೆಲ್ಲುತ್ತದೆ.

ಶೋಧಕಕ್ಕೆ ಆರೈಕೆಯೂ ಬೇಕು. ಕೆಂಪು ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಕೆಲ ಹೊತ್ತು ತಿಳಿಯಲು ಬಿಟ್ಟು ಆಮೇಲೆ ಹಿಂಡಬೇಕು. ಇಲ್ಲವಾದರೆ ರಂಧ್ರಗಳು ಬೇಗ ಕಟ್ಟಿಕೊಳ್ಳುತ್ತವೆ. ಆಗಾಗ ಶುದ್ಧವಾದ ನೀರನ್ನು ಹಿಂದುಮುಂದಾಗಿ ನುಗ್ಗಿಸಿ ಎಳೆಗಳನ್ನು ತೊಳೆಯಬೇಕು. ಹಸಿ ನೀರಿನ ಚೀಲದ ಒಂದು ತೊಟ್ಟೂ ಕುಡಿಯುವ ಬಾಟಲಿಯ ಬಾಯಿಗೆ ತಾಗಬಾರದು. ಬಹುಮಂದಿ ಕಾಯಿಲೆ ಬೀಳುವುದು ಶೋಧಕದ ದೋಷದಿಂದಲ್ಲ, ಈ ಅಜಾಗ್ರತೆಯಿಂದ. ಇಲ್ಲಿಂದ ಹಿಮಾಲಯಕ್ಕೆ ಹೋಗುವವರು ರಾತ್ರಿ ಅದನ್ನು ಹೊದಿಕೆಯೊಳಗೇ ಇಟ್ಟುಕೊಂಡು ಮಲಗುತ್ತಾರೆ. ಒಳಗಿನ ನೀರು ಹೆಪ್ಪುಗಟ್ಟಿದರೆ ಎಳೆಗಳು ಸೀಳುತ್ತವೆ, ಸೀಳಿದ್ದು ಹೊರಗೆ ಕಾಣುವುದಿಲ್ಲ. ದೊಣೆಯೊಳಗೆ ಕಾಲಿಟ್ಟು ನೀರು ತುಂಬುವುದು, ಅದರ ಅಂಚಿನಲ್ಲಿ ಸಾಬೂನು ಹಚ್ಚಿ ಪಾತ್ರೆ ಬೆಳಗುವುದು ಅಪರಾಧವೆಂದೇ ಭಾವಿಸತಕ್ಕದ್ದು. ಮುಂದಿನ ಮಳೆಯವರೆಗೆ ಅಲ್ಲಿಯ ಮೇಕೆಗಳಿಗೂ ಹಕ್ಕಿಗಳಿಗೂ ಇರುವುದು ಅಷ್ಟೇ ನೀರು.

ಬೆಟ್ಟದ ಬುಡದ ಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ನಾಣ್ಯ ಹಾಕಿದರೆ ನಲ್ಲಿ ತೆರೆಯುತ್ತದೆ. ಅದರೊಳಗಿನ ಪೊರೆ ಅಧಿಕ ಒತ್ತಡದಲ್ಲಿ ನೀರನ್ನು ಹಿಂಡಿ ಫ್ಲೋರೈಡನ್ನು ಬಹುಮಟ್ಟಿಗೆ ತಡೆಯುತ್ತದೆ. ಒಂದು ಪಾಲು ನೀರು ಲವಣಗಳನ್ನು ಹೊತ್ತು ಚರಂಡಿಗೆ ಹೋಗುತ್ತದೆ. ಸಂಜೆ ಶಾಲೆ ಬಿಟ್ಟ ಮಕ್ಕಳು 20 ಲೀಟರಿನ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಅಲ್ಲಿ ಸರದಿ ನಿಲ್ಲುತ್ತಾರೆ. ವಿದ್ಯುತ್ತು ಹೋದರೆ ಕಾಯುತ್ತಾರೆ. ಯಂತ್ರ ಕೆಟ್ಟರೆ ಮುಂದಿನ ಊರಿಗೆ ಹೋಗುತ್ತಾರೆ. ಬೆಟ್ಟದಿಂದಿಳಿದು ಬಂದ ಚಾರಣಿಗನೂ ಖಾಲಿ ಬಾಟಲಿ ಹಿಡಿದು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಅವನಿಗೆ ಬೇಕಾದದ್ದು ಒಂದು ಲೀಟರು. ಮುಂದಿರುವ ಹುಡುಗ ತುಂಬಿಸಬೇಕಾದದ್ದು ಎರಡು ಕ್ಯಾನು.